ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವ ಮುನ್ನ

ಮಗನೋ, ಗಂಡನೋ, ತಮ್ಮನೋ ಕೊನೆಗೂ "ಸರಿ, ಸೇರಿಸಿ, ಬರ್ತೇನೆ" ಎಂದು ಒಪ್ಪುವ ಹೊತ್ತಿಗೆ ಮನೆಯವರು ದಣಿದು ಹೋಗಿರುತ್ತಾರೆ. ಒಪ್ಪಿದನಲ್ಲ, ಇನ್ನು ಕೇಂದ್ರದವರು ನೋಡಿಕೊಳ್ಳುತ್ತಾರೆ ಎಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಒಪ್ಪಿದ ದಿನಕ್ಕೂ ಹಾಸಿಗೆ ಸಿಗುವ ದಿನಕ್ಕೂ ನಡುವೆ ಕೆಲವು ದಿನಗಳ ಅಂತರವಿರುವುದುಂಟು. ಮನೆಯವರ ಎಚ್ಚರ ಹೆಚ್ಚು ಬೇಕಾಗುವುದು ಈ ದಿನಗಳಲ್ಲೇ.

ಸಾಮಾನ್ಯವಾಗಿ ಏನಾಗುತ್ತದೆಂದರೆ, ಸೇರುವ ಮೊದಲೇ ಬಿಡಿಸಿಬಿಡೋಣ ಎಂದು ಹೊರಡುತ್ತಾರೆ. ಕುರ್‌ಆನ್ ಮುಟ್ಟಿಸಿ ಆಣೆ ಮಾಡಿಸುತ್ತಾರೆ, ಕೋಣೆಯಲ್ಲಿ ಕೂಡಿ ಹಾಕುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ವರ್ಷಗಟ್ಟಲೆ ದಿನವೂ ಕುಡಿದವನ ಮಿದುಳು ಮದ್ಯದ ಮಂಪರಿಗೆ ಎದುರಾಗಿ ಸದಾ ವೇಗವಾಗಿ ಓಡಲು ಕಲಿತಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ಓಟಕ್ಕೆ ತಡೆಯೇ ಇರುವುದಿಲ್ಲ. ಕೊನೆಯ ಬಾರಿ ಕುಡಿದು ಆರರಿಂದ ಎಂಟು ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಂತಿ, ಎದೆಬಡಿತ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂತೆ ಸೆಳೆತ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಜ್ವರ ಏರುತ್ತದೆ, ಇಲ್ಲದ್ದು ಕಾಣಿಸುತ್ತದೆ, ಗೋಡೆಯ ಮೇಲೆ ಹುಳು ಹರಿದಂತೆ ಅನಿಸುತ್ತದೆ, ಎದುರಿಗಿರುವವರ ಗುರುತೂ ಸಿಗುವುದಿಲ್ಲ. ವೈದ್ಯರು ಡೆಲಿರಿಯಂ ಟ್ರೆಮೆನ್ಸ್ ಎನ್ನುವ ಈ ಸ್ಥಿತಿಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ಇದನ್ನು ಜಿನ್ನ್ ಹಿಡಿದಿದೆ ಎಂದುಕೊಂಡು ಮಂತ್ರಿಸಿದ ನೀರಿಗಾಗಿ ಅಲೆದು ಒಂದು ರಾತ್ರಿ ಕಳೆದುಕೊಳ್ಳುವ ಮನೆಗಳು ಈಗಲೂ ಇವೆ.

ರಮಝಾನ್ ಹತ್ತಿರ ಬಂದಾಗ ಇದು ಇನ್ನೂ ಮುಖ್ಯ. "ಈ ಸಲ ಮೊದಲ ಉಪವಾಸದಿಂದ ಬಿಡುತ್ತಾನೆ" ಎಂದು ಮನೆಯವರು ಕಾಯುತ್ತಾರೆ, ಅವನೂ ಮನಸ್ಸು ಮಾಡುತ್ತಾನೆ. ಮದ್ಯ ನಿಂತದ್ದರ ಜೊತೆಗೆ ಹಗಲಿಡೀ ನೀರೂ ಇಲ್ಲದ ದೇಹಕ್ಕೆ ಎರಡು ಪೆಟ್ಟು ಒಟ್ಟಿಗೆ ಬೀಳುತ್ತದೆ. ಬಿಡುವ ಸಂಕಲ್ಪವಿದ್ದರೆ ತಿಂಗಳು ಶುರುವಾಗುವ ಮೊದಲೇ ವೈದ್ಯರ ಬಳಿ ಹೋಗಲಿ. ರೋಗಿಗೆ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರ್ತಿ ಮಾಡುವ ವಿನಾಯಿತಿ ಕುರ್‌ಆನಿನಲ್ಲೇ ಇದೆ. ಇವನೂ ರೋಗಿ ಎಂದು ಒಪ್ಪಿಕೊಳ್ಳುವುದೇ ಮನೆಯವರಿಗೆ ಕಷ್ಟವಾಗುವುದು.

ಹಾಗಾದರೆ ಸೇರುವವರೆಗೆ ಕುಡಿಯಲು ಬಿಡಬೇಕೇ ಎಂದು ಉಮ್ಮಂದಿರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರವಿಷ್ಟೆ: ಕೇಂದ್ರದ ಹಾಸಿಗೆಗೆ ಕಾಯದೆ, ಒಪ್ಪಿದ ದಿನವೇ ವೈದ್ಯರಿಗೆ ತೋರಿಸಿ. ಮಿದುಳನ್ನು ಶಾಂತವಾಗಿಡುವ ಮಾತ್ರೆಯನ್ನು ದಿನದಿನಕ್ಕೆ ಇಳಿಸುತ್ತಾ ಕೊಡುವ ಕ್ರಮವಿದೆ, ಜೊತೆಗೆ ಬಿ1 ವಿಟಮಿನ್ ಕೊಡುತ್ತಾರೆ. ಯಾರಿಗೆ ಮನೆಯಲ್ಲಿ ಸಾಕು, ಯಾರನ್ನು ಅಂದೇ ದಾಖಲಿಸಬೇಕು ಎಂದು ಅವರು ಹೇಳುತ್ತಾರೆ. ಹಿಂದೆ ಒಮ್ಮೆ ಬಿಟ್ಟಾಗ ಸೆಳೆತ ಬಂದಿದ್ದರೆ ಆ ಮಾತನ್ನು ಮೊದಲು ಹೇಳಿ. ಸೆಳೆತ ಬಂದರೆ ಒಂದು ಬದಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿ, ಕೈಗೆ ಬೀಗದ ಕೈ ಕೊಡಬೇಡಿ, 108ಕ್ಕೆ ಕರೆ ಮಾಡಿ.

"ಅವನಿಗೆ ಗೊತ್ತಾಗದಂತೆ ಚಹಾದಲ್ಲಿ ಹಾಕಿ" ಎಂದು ಮಾರುವ ಪುಡಿಗಳನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ ಏನಿದೆ ಎಂದು ನಿಮಗೆ ತಿಳಿಯುವ ದಾರಿಯಿಲ್ಲ. ಡೈಸಲ್ಫಿರಾಂ ಎಂಬ ಮಾತ್ರೆ ನಿಜವಾಗಿಯೂ ಇದೆ. ಅದನ್ನು ತಿಂದವನು ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ರೋಗಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು ಮಾತ್ರ ಅದನ್ನು ಕೊಡಬೇಕು.

ಎಲ್ಲ ವ್ಯಸನವೂ ಒಂದೇ ರೀತಿಯಲ್ಲ. ಹೆರಾಯಿನ್‌ನಂಥ ಅಫೀಮು ಜಾತಿಯ ಮಾದಕ ನಿಂತಾಗ ಮೂಗು ಸೋರುವುದು, ಆಕಳಿಕೆ, ಭೇದಿ, ಕಾಲು ಸೆಳೆತ ಕಾಡುತ್ತವೆ. ಜೀವಕ್ಕೆ ಅಪಾಯ ಕಡಿಮೆ, ಆದರೆ ಸಂಕಟ ತಡೆಯಲಾಗದೆ ಓಡಿಹೋಗುವುದು ಆಗಲೇ. ಗಾಂಜಾ ಬಿಟ್ಟವನಿಗೆ ಒಂದೆರಡು ವಾರ ನಿದ್ದೆ ಬಾರದು, ಸಿಡುಕು ಹೆಚ್ಚು. ಎಂಡಿಎಂಎ ಬಿಟ್ಟ ಹುಡುಗರು ಮಂಕಾಗಿ ಮಲಗಿರುತ್ತಾರೆ. ಸಾಯುವ ಮಾತಾಡಿದರೆ ಒಬ್ಬನನ್ನೇ ಬಿಡಬೇಡಿ. ನಿದ್ದೆ ಮಾತ್ರೆಯ ಚಟವನ್ನಂತೂ ಒಮ್ಮೆಲೇ ನಿಲ್ಲಿಸಲೇಬಾರದು, ಮದ್ಯದಂತೆ ಅಲ್ಲೂ ಸೆಳೆತ ಬರಬಹುದು. ಇದು ಗಂಡಸರದ್ದು ಮಾತ್ರವೂ ಅಲ್ಲ. ಯಾವಾಗಲೋ ಬರೆದುಕೊಟ್ಟ ಚೀಟಿಯಲ್ಲಿ ವರ್ಷಗಟ್ಟಲೆ ಅಲ್ಪ್ರಾಝೊಲಾಂ ತರಿಸಿಕೊಳ್ಳುವ ಹೆಂಗಸರು ನಮ್ಮ ಮನೆಗಳಲ್ಲಿದ್ದಾರೆ. ಯಾರೂ ಅದನ್ನು ವ್ಯಸನ ಎನ್ನುವುದಿಲ್ಲ.

ಆದ್ದರಿಂದ ವೈದ್ಯರ ಮುಂದೆ ನಿಜ ಹೇಳುವುದೇ ದೊಡ್ಡ ಸಿದ್ಧತೆ. ಏನು, ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಬಾರಿ ಯಾವಾಗ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ದಿನಕ್ಕೆ ಒಂದು ಬಾಟಲಿ ಕುಡಿಯುವವನು ಅಪ್ಪನ ಎದುರು "ಒಂದೆರಡು ಪೆಗ್" ಎಂದರೆ ಔಷಧದ ಪ್ರಮಾಣವೂ ಅದಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಸ್ವಲ್ಪ ಹೊತ್ತು ಅವನೊಬ್ಬನೇ ವೈದ್ಯರೊಂದಿಗೆ ಮಾತಾಡಲಿ. ಸೂಜಿ ಚುಚ್ಚಿಕೊಂಡಿದ್ದರೆ ಅದನ್ನೂ ಹೇಳಬೇಕು. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಪರೀಕ್ಷೆ ಅವನಿಗೂ ಅವನ ಹೆಂಡತಿಗೂ ಒಳ್ಳೆಯದು.

ಪೊಲೀಸರ ಭಯ

ಗಾಂಜಾ, ಎಂಡಿಎಂಎ ವಿಷಯದಲ್ಲಿ ಅನೇಕ ಮನೆಗಳು ಆಸ್ಪತ್ರೆಗೆ ಹೆದರುವುದು ಪೊಲೀಸರ ಕಾರಣಕ್ಕೆ. ಚಿಕಿತ್ಸೆ ಕೇಳುವುದು ಅಪರಾಧವಲ್ಲ. ಅಷ್ಟೇ ಅಲ್ಲ, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣ ಎದುರಿಸುತ್ತಿರುವ ವ್ಯಸನಿ ಸರಕಾರಿ ಅಥವಾ ಸರಕಾರದಿಂದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆ ಪಡೆದರೆ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ನೀಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಮಾರಾಟ ಮಾಡಿದವನಿಗೆ ಇದು ಅನ್ವಯಿಸದು. ಇನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯ ವಿವರ ಗುಟ್ಟಾಗಿರಬೇಕು.

ಯಾವ ಕೇಂದ್ರ?

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಂಡರೆ ಹತ್ತಿರದ ದಾರಿ ತಿಳಿಯುತ್ತದೆ. 14446 ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ, 14416 ಟೆಲಿ ಮಾನಸ್. ಎರಡೂ ಉಚಿತ.

ಖಾಸಗಿ ಕೇಂದ್ರವಾದರೆ ಮೊದಲು ಒಮ್ಮೆ ನೀವೇ ಹೋಗಿ ನೋಡಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯೇ, ವೈದ್ಯರು ಯಾವಾಗ ಬರುತ್ತಾರೆ, ರಾತ್ರಿ ನರ್ಸ್ ಇರುತ್ತಾರೆಯೇ ಎಂದು ಕೇಳಿ. ಅಡುಗೆ ಕೋಣೆ ಮತ್ತು ಶೌಚಾಲಯವನ್ನು ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ. ಮನೆಯವರು ಮಾತಾಡಲೇಬಾರದು ಎನ್ನುವ, ಹೊಡೆದು ಸರಿ ಮಾಡುತ್ತೇವೆ ಎನ್ನುವ, "ರಾತ್ರಿ ಗಾಡಿ ಕಳಿಸುತ್ತೇವೆ, ಎತ್ತಿಕೊಂಡು ಬರುತ್ತೇವೆ" ಎನ್ನುವ ಕೇಂದ್ರಗಳಿಂದ ದೂರವಿರಿ. ಸರಪಳಿಯಲ್ಲಿ ಕಟ್ಟುವುದನ್ನು ಕಾಯ್ದೆ ಪೂರ್ತಿಯಾಗಿ ನಿಷೇಧಿಸಿದೆ. ತಾನಾಗಿ ಸೇರಿದವನಿಗೆ ತಾನಾಗಿ ಹೊರಡುವ ಹಕ್ಕೂ ಇದೆ. ನಿರ್ಧಾರ ತೆಗೆದುಕೊಳ್ಳಲಾಗದಷ್ಟು ಅಸ್ವಸ್ಥನಾದವನನ್ನು ಅವನ ಪರವಾಗಿ ಸೇರಿಸಲು ಮನೋವೈದ್ಯರೂ ಇನ್ನೊಬ್ಬ ತಜ್ಞರೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಆಗಲೂ ಮೊದಲ ಅವಧಿ 30 ದಿನ ಮೀರುವಂತಿಲ್ಲ. ಮದುವೆಗೋ ಡಾಕ್ಟರ ಬಳಿಗೋ ಎಂದು ಸುಳ್ಳು ಹೇಳಿ ಕರೆದುಕೊಂಡು ಹೋಗಿ ಬಿಟ್ಟು ಬಂದರೆ ಅವನು ಮತ್ತೆ ನಿಮ್ಮ ಮಾತು ನಂಬುವುದು ಕಷ್ಟ.

ಚೀಲಕ್ಕೆ ಹೆಚ್ಚೇನೂ ಬೇಡ. ಒಗೆಯಲು ಸುಲಭವಾದ ಬಟ್ಟೆ, ಲುಂಗಿ, ಟವೆಲ್, ಚಪ್ಪಲಿ, ಸೋಪು, ಮುಸಲ್ಲಾ, ಟೋಪಿ, ಆಧಾರ್ ಮತ್ತು ಆಯುಷ್ಮಾನ್ ಕಾರ್ಡ್, ಹಳೆಯ ವೈದ್ಯಕೀಯ ಕಾಗದಗಳು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಸ್ಟ್ರಿಪ್‌ನಲ್ಲೇ ಇರಲಿ, ಬಿಡಿಸಿ ಡಬ್ಬಿಗೆ ಹಾಕಬೇಡಿ. ಸೆಂಟು, ಬಾಯಿ ಮುಕ್ಕಳಿಸುವ ದ್ರವ, ಸ್ಯಾನಿಟೈಸರ್, ಕೆಮ್ಮಿನ ಸಿರಪ್, ಬ್ಲೇಡು ಮನೆಯಲ್ಲೇ ಇರಲಿ. ಮೊಬೈಲ್ ಬಿಡುತ್ತಾರೆಯೇ, ನಮಾಝಿಗೆ ಸಮಯ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಔಷಧದಲ್ಲಿ ಮತ್ತು ಬರುವ ಅಂಶವಿದೆ, ಇದು ಹರಾಮ್ ಅಲ್ಲವೇ ಎಂಬ ಗೊಂದಲವಿದ್ದರೆ ವೈದ್ಯರ ಚೀಟಿಯೊಂದಿಗೆ ಬಲ್ಲ ಆಲಿಮರನ್ನು ಸೇರುವ ಮೊದಲೇ ಕೇಳಿ ಮುಗಿಸಿ. ನಡುವೆ ಯಾರೋ ಹೇಳಿದರೆಂದು ಅರ್ಧಕ್ಕೆ ನಿಲ್ಲಿಸುವುದು ಅಪಾಯ.

ಮನೆಯ ಸಿದ್ಧತೆ

ಸಾಲದ ಪಟ್ಟಿ ಅವನಿಂದಲೇ ಬರೆಸಿ. ಒಳಗಿರುವಾಗ ಸಾಲಗಾರ ಫೋನ್ ಮಾಡಿದರೆ ಅರ್ಧ ಚಿಕಿತ್ಸೆ ಅಲ್ಲೇ ಹಾಳಾಗುತ್ತದೆ. ಎಟಿಎಂ ಕಾರ್ಡ್, ಮೊಬೈಲ್ ಹಣದ ಪಾಸ್‌ವರ್ಡ್ ಯಾರ ಬಳಿ ಇರಬೇಕೆಂದು ಮಾತಾಡಿಕೊಳ್ಳಿ. ಹೆಂಡತಿಯ ಕೈಯಲ್ಲಿ ಮನೆ ಖರ್ಚಿಗೆ ಹಣವಿದೆಯೇ? ಅವಳಿಗೆ ಪೆಟ್ಟು ಬಿದ್ದದ್ದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಲಿ. ಮಕ್ಕಳಿಗೆ "ಅಬ್ಬ ದುಬೈಗೆ ಹೋಗಿದ್ದಾರೆ" ಎನ್ನುವುದಕ್ಕಿಂತ "ಹುಷಾರಿಲ್ಲ, ಆಸ್ಪತ್ರೆಯಲ್ಲಿದ್ದಾರೆ" ಎನ್ನುವುದು ಸರಿ, ಅದು ಸತ್ಯವೂ ಹೌದು. ಊರಿಗೆಲ್ಲ ಹೇಳಬೇಕಿಲ್ಲ, ನಂಬುವ ಒಬ್ಬಿಬ್ಬರು ಸಾಕು.

ಬಿಡುಗಡೆಯ ನಂತರದ ಮಾತನ್ನೂ ಈಗಲೇ ಆಡಿಕೊಳ್ಳಬೇಕು. ಬಂದ ಕೂಡಲೇ ಮದುವೆ ಮಾಡಿಸೋಣ, ಗಲ್ಫಿಗೆ ಕಳಿಸೋಣ ಎಂಬ ಯೋಜನೆಗಳನ್ನು ಸದ್ಯಕ್ಕೆ ಬದಿಗಿಡಿ. ವಾರಕ್ಕೋ ಹದಿನೈದು ದಿನಕ್ಕೋ ವೈದ್ಯರ ಭೇಟಿ ಇರುತ್ತದೆ, ಮಾತ್ರೆ ತಿಂಗಳುಗಟ್ಟಲೆ ಇರಬಹುದು. ಇಲ್ಲಿ ಬರೆದುಕೊಟ್ಟ ಕೆಲವು ಮಾತ್ರೆಗಳಿಗೆ ಅಲ್ಲಿನ ದೇಶಗಳಲ್ಲಿ ಮುಂಚಿತ ಅನುಮತಿ ಬೇಕು, ಸುಮ್ಮನೆ ಚೀಲದಲ್ಲಿ ಒಯ್ದರೆ ಜೈಲು. ಅಫೀಮು ಜಾತಿಯ ಮಾದಕ ಬಿಟ್ಟು ಬಂದವನಿಗೆ ಇನ್ನೊಂದು ಅಪಾಯವಿದೆ. ಕೆಲವು ವಾರ ಬಿಟ್ಟಿದ್ದ ದೇಹ ಹಳೆಯ ಪ್ರಮಾಣವನ್ನು ತಾಳಲಾರದು. ಮೊದಲು ಸಲೀಸಾಗಿ ತೆಗೆದುಕೊಳ್ಳುತ್ತಿದ್ದಷ್ಟನ್ನೇ ಒಮ್ಮೆ ತೆಗೆದುಕೊಂಡರೂ ಉಸಿರು ನಿಲ್ಲಬಹುದು. ಇದನ್ನು ಹೆದರಿಸುವ ಧಾಟಿಯಲ್ಲಿ ಹೇಳದೆ, ಸೇರುವ ಮೊದಲೇ ಅವನನ್ನು ಕೂರಿಸಿಕೊಂಡು ಹೇಳಿ. ಕಾಲು ಜಾರಿದರೆ ಬಚ್ಚಿಡದೆ ಮೊದಲು ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಅವನೇ ಆರಿಸಲಿ. ಅದು ನಿಮ್ಮ ಹೆಸರೇ ಆಗಬೇಕೆಂದಿಲ್ಲ.