ಕಂಪೆನಿಯ ದಂಡು ಪಟ್ಟಣವನ್ನು ಬಿಟ್ಟುದೇಕೆ?

1799ನೆಯ ಇಸವಿ ಮೇ 4ರಂದು ಶ್ರೀರಂಗಪಟ್ಟಣವು ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. ಮೈಸೂರು ಸೀಮೆಯಲ್ಲಿದ್ದ ಕಂಪೆನಿಯ ಸೈನ್ಯಕ್ಕೆ ಆ ದ್ವೀಪವೇ ಮುಖ್ಯ ಠಾಣೆಯಾಯಿತು. ಆದರೆ ಹತ್ತೇ ವರ್ಷಗಳಲ್ಲಿ, ಎಂದರೆ 1809ರಲ್ಲಿ, ಠಾಣೆಯು ಬೆಂಗಳೂರಿಗೆ ಸಾಗಿತು. ಬೆಂಗಳೂರಿನಲ್ಲಿ ‘ದಂಡು’ ಎನಿಸಿಕೊಂಡ ಭಾಗವು ಹುಟ್ಟಿದುದು ಹೀಗೆ. ಸಿಪಾಯಿಗಳೂ ಅಧಿಕಾರಿಗಳೂ ಮೇಲಿಂದ ಮೇಲೆ ಜ್ವರದಿಂದ ಹಾಸಿಗೆ ಹಿಡಿಯುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣ. ಪಟ್ಟಣದ ಗಾಳಿ ಕೆಟ್ಟದ್ದು, ಬೆಂಗಳೂರಿನ ಗಾಳಿ ಒಳ್ಳೆಯದು ಎಂಬುದು ಅಂದಿನವರ ವಾದ.

ಈ ವಾದವನ್ನು ನಾವು ಸ್ವಲ್ಪ ಒರೆಗೆ ಹಚ್ಚೋಣ. ಅಂದಿನವರು ಕಣ್ಣಾರೆ ಕಂಡುದರಲ್ಲಿ ತಪ್ಪಿರಲಿಲ್ಲ. ಮಳೆಗಾಲ ಕಳೆಯುತ್ತಲೇ ಚಳಿಜ್ವರ ಹೆಚ್ಚುತ್ತಿತ್ತು. ನಿಂತ ನೀರಿನ ಬಳಿ ರಾತ್ರಿ ಕಳೆದವರಿಗೆ ಅದು ತಗಲುತ್ತಿತ್ತು. ಜೌಗಿನಲ್ಲಿ ಕೊಳೆತ ಎಲೆಗಳಿಂದ ಏಳುವ ಆವಿಯೇ ವಿಷವೆಂದು ಯೂರೋಪಿನ ದೊಡ್ಡ ವೈದ್ಯರೂ ನಂಬಿದ್ದರು. ‘ಮಲೇರಿಯಾ’ ಎಂಬ ಇಟಲಿಯ ಮಾತಿಗೆ ‘ಕೆಟ್ಟ ಗಾಳಿ’ ಎಂದೇ ಅರ್ಥ. ಆದರೆ ಆವಿ ಏಳುವ ಹೊತ್ತಿಗೆ ಅಲ್ಲಿಂದಲೇ ಸೊಳ್ಳೆಯೂ ಏಳುತ್ತದೆಯಲ್ಲವೆ? ಸದಾ ಜೊತೆಯಾಗಿ ಬರುವ ಎರಡರಲ್ಲಿ ಅಪರಾಧಿ ಯಾವುದೆಂದು ಬರಿದೆ ನೋಡುತ್ತ ಕುಳಿತರೆ ಗೊತ್ತಾಗದು.

ಇಂತಹ ತರ್ಕವು ಇಂದಿಗೂ ಅಪರೂಪವಲ್ಲ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಗೆ ಪದವಿ ಹೋಗುತ್ತದೆಂಬ ನಂಬಿಕೆಯನ್ನು ಕುದೇರಿನ ವಿದ್ಯಾರ್ಥಿಗಳು ಕೇಳಿಯೇ ಇರುತ್ತಾರೆ. ಕೆಲವರು ಬಂದರು, ಆಮೇಲೆ ಪದವಿ ಹೋಯಿತು. ಆದುದರಿಂದ ಊರೇ ಕಾರಣ! ಬಾರದೆಯೇ ಪದವಿ ಕಳೆದುಕೊಂಡವರನ್ನು ಲೆಕ್ಕಕ್ಕೆ ಹಿಡಿದವರಿಲ್ಲ. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯನವರು ಹಲವು ಸಲ ಅಲ್ಲಿಗೆ ಹೋಗಿಯೂ 2018ರವರೆಗೆ ಪೂರ್ಣಾವಧಿ ಆಳಿದರು.

ಗಾಳಿಯನ್ನೂ ಸೊಳ್ಳೆಯನ್ನೂ ಬೇರ್ಪಡಿಸಿ ನೋಡಲು ಒಂದು ಶತಮಾನವೇ ಬೇಕಾಯಿತು. 1880ರಲ್ಲಿ ಲಾವೆರಾನನು ರೋಗಿಯ ರಕ್ತದಲ್ಲಿ ಮಲೇರಿಯಾ ಜೀವಿಯನ್ನು ಕಂಡನು. 1897ರಲ್ಲಿ ರೊನಾಲ್ಡ್ ರಾಸನು ಸಿಕಂದರಾಬಾದಿನಲ್ಲಿ ಅದನ್ನು ಸೊಳ್ಳೆಯ ಒಡಲಿನಲ್ಲಿ ಕಂಡನು. ನಮಗೆ ಅತ್ಯಂತ ಸೊಗಸಾಗಿ ತೋರುವುದು 1900ರ ಪ್ರಯೋಗ. ಸ್ಯಾಂಬನ್ ಮತ್ತು ಲೋ ಎಂಬ ವೈದ್ಯರು ರೋಮಿನ ಬಳಿಯ ಜ್ವರಪೀಡಿತ ಬಯಲಿನಲ್ಲಿ ಕಿಟಕಿಗಳಿಗೆ ತಂತಿಬಲೆ ಹೊದಿಸಿದ ಗುಡಿಸಲು ಕಟ್ಟಿ, ಸೂರ್ಯಾಸ್ತಕ್ಕೆ ಮುಂಚೆಯೇ ಒಳಸೇರಿ, ಆ ‘ವಿಷ’ದ ರಾತ್ರಿಗಾಳಿಯನ್ನೇ ತಿಂಗಳುಗಟ್ಟಲೆ ಉಸಿರಾಡಿದರು. ಜ್ವರ ಬರಲಿಲ್ಲ. ಅದೇ ವರ್ಷ, ರೋಗಿಗಳ ರಕ್ತ ಹೀರಿದ್ದ ಸೊಳ್ಳೆಗಳನ್ನು ರೋಮಿನಿಂದ ಲಂಡನ್ನಿಗೆ ಸಾಗಿಸಿ, ಪ್ಯಾಟ್ರಿಕ್ ಮ್ಯಾನ್ಸನ್ನನ ಮಗನನ್ನು ಕಚ್ಚಿಸಿದರು. ಲಂಡನ್ನಿನ ಗಾಳಿಯಲ್ಲಿದ್ದ ಆತನಿಗೆ ಮಲೇರಿಯಾ ಬಂತು!

ಹಾಗಾದರೆ ಕಂಪೆನಿಯ ತೀರ್ಮಾನವೇ ತಪ್ಪೆ? ಅಲ್ಲ. ಶ್ರೀರಂಗಪಟ್ಟಣದ ಸುತ್ತ ಕಾವೇರಿ, ನಾಲೆಗಳು, ಬತ್ತದ ಗದ್ದೆಗಳು. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಅದು ಸುಮಾರು 3,000 ಅಡಿ ಎತ್ತರದ ತಂಪಾದ ಊರು. ಸೊಳ್ಳೆಯೊಳಗೆ ರೋಗಜೀವಿ ಬಲಿಯಲು ಸಾಮಾನ್ಯವಾಗಿ 10ರಿಂದ 14 ದಿನ ಬೇಕು. ತಂಪು ಹೆಚ್ಚಿದಂತೆ ಆ ಅವಧಿ ಹಿಗ್ಗುತ್ತದೆ. ಅಷ್ಟರಲ್ಲಿ ಎಷ್ಟೋ ಸೊಳ್ಳೆಗಳು ಸಾಯುತ್ತವೆ. ಸ್ಥಳವನ್ನು ಬಿಟ್ಟುದು ಒಳ್ಳೆಯದೇ ಆಯಿತು. ಅವರು ಕೊಟ್ಟ ಕಾರಣ ಮಾತ್ರ ಸುಳ್ಳು.

ಫಲ ದೊರೆತ ಮೇಲೆ ಕಾರಣ ಹೇಗಿದ್ದರೇನು ಎಂದು ಕೇಳಬಹುದು. ಸೈನ್ಯಕ್ಕೇನೋ ಊರು ಬಿಟ್ಟು ಹೋಗುವ ಅನುಕೂಲವಿತ್ತು; ಗದ್ದೆಯ ರೈತನು ಎಲ್ಲಿಗೆ ಹೋಗಬೇಕು? ಗಾಳಿಯೇ ವೈರಿಯೆಂದು ನಂಬಿದವನಿಗೆ ಸೊಳ್ಳೆಪರದೆಯು ಮದ್ದೆಂದು ಹೊಳೆಯದು. ದುರ್ನಾತವಿಲ್ಲದ ತಿಳಿನೀರಿನ ಬಾವಿಯ ಮೇಲೆ ಅವನಿಗೆ ಸಂಶಯವೂ ಬಾರದು. ಆದರೆ ಮಲೇರಿಯಾ ಹರಡುವ ಅನಾಫಿಲೀಸ್ ಸ್ಟೆಫೆನ್ಸಿ ಸೊಳ್ಳೆಯು ಮೊಟ್ಟೆಯಿಡುವುದು ಅಂತಹ ಬಾವಿಗಳಲ್ಲೇ. ‘ಒಳ್ಳೆಯ ಗಾಳಿ’ಯ ಬೆಂಗಳೂರಿಗೇ 1928ರ ಸುಮಾರಿಗೆ ಇಟಲಿಯಿಂದ ಗ್ಯಾಂಬೂಸಿಯ ಎಂಬ ಪುಟ್ಟ ಮೀನನ್ನು ತರಿಸಬೇಕಾಯಿತು, ಸೊಳ್ಳೆಯ ಮರಿಗಳನ್ನು ತಿನ್ನುವುದೇ ಅದರ ಕೆಲಸ.