ಹೆಜ್ಜೆಯೇ ಮೂಡದ ನೀಲಿ ಕೋಣೆ

81 ನಿಮಿಷ! ಕಳ್ಳರು ಮ್ಯೂಸಿಯಂ ಒಳಗೆ ಅಷ್ಟು ಹೊತ್ತು ಓಡಾಡಿಕೊಂಡಿದ್ದರು ಎಂದರೆ ನಂಬುತ್ತೀರಾ? 'ದಿಸ್ ಈಸ್ ಎ ರಾಬರಿ' ಆ ಕಳ್ಳತನದ ಬಗ್ಗೆ 2021ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ನಾಲ್ಕು ಕಂತಿನ ಸಾಕ್ಷ್ಯಚಿತ್ರ. ಕೆಸರೆಯ ನಮ್ಮ ಮನೆಯಲ್ಲಿ ಅದನ್ನು ನೋಡಿದ ರಾತ್ರಿ ನಿದ್ದೆ ಹತ್ತಿರ ಸುಳಿಯಲಿಲ್ಲ.

1990ರ ಮಾರ್ಚ್ 18. ಬಾಸ್ಟನ್‌ನ ಇಸಬೆಲ್ಲಾ ಸ್ಟೂವರ್ಟ್ ಗಾರ್ಡ್ನರ್ ಮ್ಯೂಸಿಯಂ. ನಡುರಾತ್ರಿ ಕಳೆದ ಮೇಲೆ ಪೊಲೀಸ್ ವೇಷದ ಇಬ್ಬರು ಬಂದರು, ಕಾವಲುಗಾರ ಒಳಗೆ ಬಿಟ್ಟ. ಬೆಳಗಾಗುವಾಗ ಇಬ್ಬರು ಕಾವಲುಗಾರರೂ ನೆಲಮಾಳಿಗೆಯಲ್ಲಿ, ಕೈಗೆ ಕೋಳ, ಮುಖಕ್ಕೆಲ್ಲ ಟೇಪು. 13 ಕೃತಿಗಳು ಮಾಯ! ರೆಂಬ್ರಾಂಟ್ ಬರೆದ ಒಂದೇ ಒಂದು ಕಡಲಚಿತ್ರವನ್ನು ಚೌಕಟ್ಟಿನಿಂದ ಕತ್ತರಿಸಿಕೊಂಡು ಹೋಗಿದ್ದರು. ಜಗತ್ತಿನಲ್ಲೇ 40 ಮುಟ್ಟದ ವರ್ಮೀರ್ ಚಿತ್ರಗಳಲ್ಲೂ ಒಂದು ಹೋಯಿತು. ಆದರೆ ಮೇಲಂತಸ್ತಿನಲ್ಲಿದ್ದ ಟಿಶನ್‌ನ ಅಮೂಲ್ಯ 'ಯುರೋಪಾ' ಕಡೆ ಅವರು ಕೈಚಾಚಲಿಲ್ಲ. ಬದಲಿಗೆ ನೆಪೋಲಿಯನ್ ಕಾಲದ ಬಾವುಟದ ತುದಿಯ ಕಂಚಿನ ಹದ್ದನ್ನು ಕಿತ್ತುಕೊಂಡರು. ಯಾಕೆ?

ಇನ್ನೂ ಇದೆ, ಕೇಳಿ. ಕೋಣೆಗಳಲ್ಲಿ ಚಲನೆ ಗುರುತಿಸುವ ಯಂತ್ರವಿತ್ತು. ಕಳ್ಳರು ಅದರ ಕಾಗದದ ದಾಖಲೆಯನ್ನು ಹರಿದೊಯ್ದರು, ಆದರೆ ಕಂಪ್ಯೂಟರಿನ ನೆನಪು ಉಳಿದಿತ್ತು! ಅವರು ಯಾವ ಕೋಣೆಯಲ್ಲಿ ಯಾವ ಗಳಿಗೆಯಲ್ಲಿ ಸುಳಿದಾಡಿದರು ಎಂಬುದೆಲ್ಲ ಅದರಲ್ಲಿ. ಕಳುವಾದವುಗಳಲ್ಲಿ ಒಂದಾದ, ಕಲಾವಿದ ಮಾನೆಯ ಚಿತ್ರವಿದ್ದ ನೀಲಿ ಕೋಣೆಯಲ್ಲಿ ಮಾತ್ರ ಕಳ್ಳರ ಒಂದು ಹೆಜ್ಜೆಯೂ ಇಲ್ಲ. ಅಲ್ಲಿ ದಾಖಲಾದದ್ದು ಅದಕ್ಕೂ ಮುಂಚೆ ಗಸ್ತು ತಿರುಗಿದ ಕಾವಲುಗಾರನ ಹೆಜ್ಜೆ. ಆತ ಕೊನೆಯವರೆಗೂ ತಾನು ನಿರಪರಾಧಿ ಎಂದೇ ಹೇಳಿದ, ಅವನ ಮೇಲೆ ಮೊಕದ್ದಮೆಯೂ ಬೀಳಲಿಲ್ಲ. ಹಾಗಾದರೆ ಚಿತ್ರ ಹೊರಬಿದ್ದದ್ದು ಹೇಗೆ? ಅದರ ಖಾಲಿ ಚೌಕಟ್ಟು ಸಿಕ್ಕಿದ್ದು ಭದ್ರತಾ ಮುಖ್ಯಸ್ಥರ ಕುರ್ಚಿಯ ಮೇಲೆ! ಸಾಕ್ಷ್ಯಚಿತ್ರ ಮಾಫಿಯಾ ಕಥೆಗಳ ಹಿಂದೆ ತುಂಬಾ ಹೊತ್ತು ಓಡುತ್ತದೆ. ನನಗೆ ಮಾತ್ರ ಈ ಕೋಣೆಯೇ ಎಲ್ಲಕ್ಕಿಂತ ದೊಡ್ಡ ಅಚ್ಚರಿ.

ತಾನು ಜೋಡಿಸಿದ್ದನ್ನು ಯಾರೂ ಬದಲಿಸಕೂಡದೆಂದು ಮ್ಯೂಸಿಯಂ ಕಟ್ಟಿಸಿದ ಇಸಬೆಲ್ಲಾ ಉಯಿಲು ಬರೆದಿದ್ದಳು. ಹಾಗಾಗಿ ಖಾಲಿ ಚೌಕಟ್ಟುಗಳು ಇಂದಿಗೂ ಗೋಡೆಯಲ್ಲೇ ಇವೆ. ನಮ್ಮ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕಲಾವಿದ ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ಎಷ್ಟೋ ಸಲ ನೋಡಿದವಳು ನಾನು. ಅದರ ಚೌಕಟ್ಟೊಂದೇ ಉಳಿದಿದೆ ಎಂದು ಊಹಿಸಿಕೊಂಡಾಗ ಬಾಸ್ಟನ್ನಿಗರ ಸಂಕಟ ಎದೆಗೇ ನಾಟಿತು.

ಕಳ್ಳರು ಯಾರೆಂದು ತನಗೆ ಗೊತ್ತು ಎಂದು 2013ರಲ್ಲಿ ಎಫ್‌ಬಿಐ ಹೇಳಿತು, ಹೆಸರು ಮಾತ್ರ ಬಿಡಲಿಲ್ಲ. ಎಲ್ಲವನ್ನೂ ಮರಳಿಸಿದರೆ 1 ಕೋಟಿ ಡಾಲರ್ ಬಹುಮಾನ. ಹದ್ದೊಂದಕ್ಕೇ 1 ಲಕ್ಷ ಡಾಲರ್!