ಬೇಸಗೆಯಲ್ಲಿ ಆಡುಗಳಿಗೆ ನೆರಳೂ ನೀರೂ

ಆಡನ್ನು ಬಡವರ ಹಸುವೆಂದು ಕರೆಯುವ ರೂಢಿಯುಂಟು. ಮುಳ್ಳುಗಿಡದ ಸೊಪ್ಪನ್ನು ಮೇದು, ಬಿಸಿಲಿನಲ್ಲಿ ಅಲೆದು, ಸಂಜೆಗೆ ಮನೆಯ ಮಕ್ಕಳಿಗೆ ಹಾಲೀಯುವ ಈ ಪ್ರಾಣಿಗೆ ಆರೈಕೆಯೇ ಬೇಡವೆಂದು ಅನೇಕರು ಭಾವಿಸುವರು. ಈ ಭಾವನೆಯು ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಆಡಿನ ಸಹಜವಾದ ಮೈಕಾವು ಸುಮಾರು 39 ಡಿಗ್ರಿ ಸೆಲ್ಸಿಯಸ್. ರಾಯಚೂರು, ಕಲಬುರಗಿ ಮೊದಲಾದ ಸೀಮೆಗಳಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಗಾಳಿಯೇ 40 ಡಿಗ್ರಿಯನ್ನು ಮೀರುವುದುಂಟು. ಗಾಳಿಯು ಮೈಗಿಂತ ಬಿಸಿಯಾದಾಗ ಮೈಯ ನೀರನ್ನು ಆವಿಯಾಗಿಸುವುದೇ ತಂಪಾಗುವ ಮುಖ್ಯ ಮಾರ್ಗವು. ಆಡು ಸ್ವಲ್ಪ ಬೆವರುವುದಾದರೂ ಹೆಚ್ಚಾಗಿ ಏದುಸಿರಿನಿಂದಲೇ ಈ ಕಾರ್ಯವನ್ನು ಸಾಧಿಸುತ್ತದೆ. ನೆಮ್ಮದಿಯಲ್ಲಿ ನಿಮಿಷಕ್ಕೆ 15ರಿಂದ 30 ಬಾರಿ ಉಸಿರಾಡುವ ಪ್ರಾಣಿಯು ಉರಿಬಿಸಿಲಿನಲ್ಲಿ 100ಕ್ಕೂ ಮಿಗಿಲಾಗಿ ಉಸಿರಾಡಬಹುದು. ಪ್ರತಿಯೊಂದು ಉಸಿರಿನೊಡನೆಯೂ ನೀರು ವ್ಯಯವಾಗುತ್ತದೆ.

ಮೇವು ಹೊಟ್ಟೆಯಲ್ಲಿ ಹುದುಗಿ ಜೀರ್ಣವಾಗುವಾಗಲೂ ಕಾವು ಹುಟ್ಟುವುದಷ್ಟೆ. ಆದುದರಿಂದ ಬಳಲಿದ ಆಡು ಮೇಯುವುದನ್ನೇ ಕಡಿಮೆ ಮಾಡುತ್ತದೆ. ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ. ಮೇವೂ ನೀರೂ ಕುಂದಿದ ಮೇಲೆ ಹಾಲು ಎಲ್ಲಿಂದ ಬಂದೀತು? ಆಡು ಹೇಗೋ ಬದುಕೀತು. ಮಗುವಿನ ಬಟ್ಟಲು ಮಾತ್ರ ಬರಿದಾಗುವುದು.

ಸಿನಾಯ್ ಮರುಭೂಮಿಯ ಕರಿಯ ಆಡುಗಳು ಎರಡು ಮೂರು ದಿನಗಳಿಗೊಮ್ಮೆ ನೀರು ಕುಡಿದು ಬಾಳುವುದು ನಿಜ. ಅವು ಮೈತೂಕದ ಮೂರನೆಯ ಒಂದು ಪಾಲಿನಷ್ಟು ನೀರನ್ನು ಒಮ್ಮೆಗೇ ಕುಡಿದು, ಮೇವು ಹುದುಗುವ ದೊಡ್ಡ ಹೊಟ್ಟೆಯಲ್ಲಿ ಕೂಡಿಟ್ಟು, ಮೆಲ್ಲಮೆಲ್ಲನೆ ರಕ್ತಕ್ಕೆ ಬಿಡುತ್ತವೆ. ಆದರೂ ದಿನವೂ ನೀರು ದೊರೆತಾಗ ಅವುಗಳೂ ಹೆಚ್ಚಾಗಿ ಮೇಯುತ್ತವೆ. ತಾಳುವುದು ಬೇರೆ, ಏಳಿಗೆ ಹೊಂದುವುದು ಬೇರೆ.

ಇದಕ್ಕೆ ಪರಿಹಾರವು ಸುಲಭವಾದುದು. ನೆರಳು ಗಾಳಿಯನ್ನು ಅಷ್ಟಾಗಿ ತಂಪುಮಾಡದಿದ್ದರೂ ಬೆನ್ನಿನ ಮೇಲೆ ಬೀಳುವ ಸೂರ್ಯನ ಕಾವನ್ನು ತಡೆಯುತ್ತದೆ. ಬೇವು, ಹುಣಿಸೆಗಳ ನೆರಳು ಅತ್ಯುತ್ತಮ. ಮರವಿಲ್ಲದಲ್ಲಿ ಹುಲ್ಲು ಹೊದಿಸಿದ ಚಪ್ಪರವಾದರೂ ಸಾಕು. ಗಾಳಿಯಾಡುವಂತೆ ಅದರ ಪಕ್ಕಗಳು ತೆರೆದಿರಬೇಕು. ತಗ್ಗಾದ ತಗಡಿನ ಮಾಡು ತಾನೇ ಕಾದು ಕೆಳಗಿನ ಪ್ರಾಣಿಗಳನ್ನು ಬೇಯಿಸುವುದು. ನೀರಿನ ತೊಟ್ಟಿಯನ್ನು ನೆರಳಿನಲ್ಲಿಯೇ ಇಟ್ಟು ದಿನವೂ ತೊಳೆಯಬೇಕು. ಕೊಳಕು ನೀರಿಗೆ ಆಡು ಬಾಯಿಡಲು ಹೇಸುತ್ತದೆ. ಹಾಲು ಕೊಡುವ ಆಡಿಗೆ ಉಳಿದವುಗಳಿಗಿಂತ ಹೆಚ್ಚು ನೀರು ಬೇಕು. ಮೇಯಿಸುವುದು ಮುಂಜಾನೆ ಮತ್ತು ಸಂಜೆಯಲ್ಲಿ ಆಗಲಿ; ನಡುಹಗಲು ವಿಶ್ರಾಂತಿಗೆ ಮೀಸಲಾಗಲಿ.

ಹಿತ್ತಿಲಿನ ಆಡುಗಳ ಆರೈಕೆಯು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳ ಕೈಯಲ್ಲಿಯೇ ಇರುವುದರಿಂದ ಈ ಮಾತುಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದಿಟ್ಟಿದ್ದೇವೆ. ಮೂಕಪ್ರಾಣಿಯು ತನ್ನ ದಾಹವನ್ನು ಹೇಳಲಾರದು. ಅದರ ಏದುಸಿರನ್ನು ಕಂಡು ನಾವೇ ತಿಳಿದುಕೊಳ್ಳಬೇಕು.